ನೀರಿನ ಸಮಿತಿಯ ಟೈಲರಕ್ಕ

ನಮ್ಮೂರಲ್ಲಿ ನಲ್ಲಿ ಬರದಿದ್ದರೆ ಜನ ಪುರಸಭೆಗೆ ಹೋಗುವುದಿಲ್ಲ. ನಮ್ಮ ಅತ್ತಿಗೆಯ ಹೊಲಿಗೆ ಅಂಗಡಿಗೆ ಬರುತ್ತಾರೆ. ಚರಂಡಿ ಕಟ್ಟಿಕೊಂಡರೂ ಅಲ್ಲಿಗೇ. ಗಂಡ ಕುಡಿದು ಬಂದು ಬಾಗಿಲು ಒದ್ದರೂ ಕೆಲವರು ಅಲ್ಲಿಗೇ ಬರುತ್ತಾರೆ, ಬಂದ ಮೇಲೆ ಅದಕ್ಕೊಂದು ನೀರಿನ ಕಾರಣ ಹುಡುಕುತ್ತಾರೆ. ನನ್ನ ವೆಲ್ಡಿಂಗ್ ಅಂಗಡಿ ಪಕ್ಕದ್ದೇ. ನಡುವೆ ಒಂದು ತಗಡಿನ ಗೋಡೆ, ಅಷ್ಟೆ. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಇನ್ನರ್ಧ ತಗಡಿನ ಆಚೆಯಿಂದ ಕಿವಿಗೆ ಬಿದ್ದದ್ದು.

ಅತ್ತಿಗೆ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಅವರಿಗಿಂತ ಮೊದಲು ಅವರ ಹೊಲಿಗೆ ಯಂತ್ರ ಬಂದಿತ್ತು. ಕಾಲಲ್ಲಿ ತುಳಿಯುವ ಹಳೆಯ ಯಂತ್ರ. ಅಣ್ಣ ಬಸ್ಸು ಓಡಿಸುವವನು, ಹಾರ್ನ್ ಬಿಟ್ಟರೆ ಬೇರೆ ಮಾತಿಲ್ಲ. ಇಬ್ಬರಿಗೂ ಸೇರಿ ಅತ್ತಿಗೆಯೇ ಮಾತಾಡುತ್ತಿದ್ದರು. ಹಾಗೆ ಮಾತಾಡುತ್ತಲೇ ಬೀದಿಯ ಮಕ್ಕಳ ಸಮವಸ್ತ್ರದಿಂದ ಹಿಡಿದು ಬ್ಯಾಂಕಿನ ಕಿಟಕಿ ಪರದೆಯವರೆಗೆ ಎಲ್ಲವನ್ನೂ ಹೊಲಿದರು.

ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದ ವರ್ಷ, ಯಾರನ್ನು ನಿಲ್ಲಿಸುವುದೆಂದು ಗಂಡಸರೆಲ್ಲ ಪೇಚಾಡಿದರು. ಕೊನೆಗೆ ಅತ್ತಿಗೆಯ ಬಳಿ ಬಂದು, ಸುಮ್ಮನೆ ನಿಂತರೆ ಸಾಕು, ಗೆಲ್ಲುವುದೇನೂ ಬೇಡ ಎಂದರು. ಅತ್ತಿಗೆ ನಿಂತರು, ಗೆದ್ದೂಬಿಟ್ಟರು. ಇದರಲ್ಲಿ ಆಶ್ಚರ್ಯವೇನಿಲ್ಲ. ವಾರ್ಡಿನ ಪ್ರತಿ ಹೆಂಗಸಿನ ಸೊಂಟದ ಸುತ್ತಳತೆ ಅವರಿಗೆ ಗೊತ್ತಿತ್ತು, ಒಬ್ಬರದನ್ನೂ ಇನ್ನೊಬ್ಬರಿಗೆ ಹೇಳಿರಲಿಲ್ಲ. ಇಂಥ ನಂಬಿಕೆ ಯಾವ ಭಾಷಣದಿಂದ ಬರುತ್ತದೆ?

ಪುರಸಭೆಯ ಮೊದಲ ಸಭೆಯಲ್ಲಿ ಸಮಿತಿಗಳ ಹಂಚಿಕೆ. ರಸ್ತೆ ಸಮಿತಿಗೆ ಕೈಕೈ ಮಿಲಾಯಿಸುವುದೊಂದು ಬಾಕಿ. ಬೀದಿದೀಪವನ್ನು ಒಬ್ಬರು ಎತ್ತಿಕೊಂಡರು, ಮಾರುಕಟ್ಟೆಯನ್ನು ಇನ್ನೊಬ್ಬರು. ನೀರು ಮತ್ತು ಒಳಚರಂಡಿ ಎಂದಾಗ ಎಲ್ಲರೂ ಸೂರು ನೋಡಿದರು. ಆ ಹೊತ್ತಿಗೆ ಅತ್ತಿಗೆ ಹೊರಗೆ ಶೌಚಾಲಯ ಹುಡುಕಿಕೊಂಡು ಹೋಗಿದ್ದರು. ಅಲ್ಲಿ ನೀರಿರಲಿಲ್ಲ. ಬಕೆಟ್ಟು ಹುಡುಕಿ, ನೀರು ಹುಡುಕಿ, ಕೆಲಸ ಮುಗಿಸಿ ವಾಪಸು ಬರುವಷ್ಟರಲ್ಲಿ ಚಪ್ಪಾಳೆ ಬಿದ್ದಾಗಿತ್ತು. ಊರಿನ ನೀರಿಗೆಲ್ಲ ಅವರೇ ಅಧ್ಯಕ್ಷೆ.

ಬರೀ ನಮ್ಮೂರಿನದಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಪಕ್ಕದ ಎರಡು ಸಣ್ಣ ಊರುಗಳಿಗೂ ನಮ್ಮ ಪಂಪ್‌ಹೌಸಿನಿಂದಲೇ ನೀರು. ಅವರ ಕೊಳಚೆಯೂ ಪೈಪಿನಲ್ಲಿ ನಮ್ಮೂರಿಗೇ ಬಂದು, ಊರಾಚೆಯ ಶುದ್ಧೀಕರಣ ಘಟಕದಲ್ಲಿ ನಮ್ಮದರ ಜೊತೆ ಸೇರುತ್ತದೆ. ಒಳ್ಳೆಯದನ್ನು ಕೊಟ್ಟು ಕೆಟ್ಟದ್ದನ್ನು ತೆಗೆದುಕೊಳ್ಳುವ ಕೆಲಸ ಇದು. ಮಾಡಿದವರನ್ನು ಯಾರೂ ಹೊಗಳುವುದಿಲ್ಲ, ಒಂದು ದಿನ ತಪ್ಪಿದರೆ ಮೂರೂ ಊರಿನವರು ಬಂದು ಬೈಯುತ್ತಾರೆ.

ಬೈಯಲು ಬಂದವರನ್ನು ಅತ್ತಿಗೆ ನಡೆಸಿಕೊಳ್ಳುತ್ತಿದ್ದ ರೀತಿಯೇ ಬೇರೆ. ಅವರು ಯಂತ್ರ ತುಳಿಯುವುದನ್ನು ನಿಲ್ಲಿಸುತ್ತಿರಲಿಲ್ಲ. ಬಂದವನು ಯಂತ್ರದ ಸದ್ದಿನ ಮೇಲೆ ಗಂಟಲು ಕಿತ್ತುಕೊಳ್ಳಬೇಕು. ಅವನು ಜೋರು ಮಾಡಿದಷ್ಟೂ ಇವರ ಕಾಲು ಜೋರು. ಅವನಿಗೆ ಉಸಿರು ಸಾಲದಾದಾಗ, "ಆಯ್ತಾ? ಸ್ವಲ್ಪ ಈ ತುದಿ ಹಿಡ್ಕೊ" ಎಂದು ಬಟ್ಟೆಯ ಒಂದು ಕೊನೆಯನ್ನು ಅವನ ಕೈಗೆ ಕೊಡುತ್ತಿದ್ದರು. ಕೈಯಲ್ಲಿ ಬಟ್ಟೆ ಹಿಡಿದವನಿಗೆ ಕೈ ಬೀಸಿ ಬೈಯಲು ಆಗುವುದಿಲ್ಲ. ಆಮೇಲೆ ಅವನ ಬೀದಿ ಯಾವುದು, ಎಂದಿನಿಂದ ಹೀಗೆ ಎಂದು ಕೇಳಿ, ನೀರುಗಂಟಿಯನ್ನು ಕರೆಸಿ ಕಳಿಸುತ್ತಿದ್ದರು. ಊರಿಗೆಲ್ಲ ನೀರು ತಿರುಗಿಸುವ ಆ ಮುದುಕ ದಿನವಿಡೀ ಸೈಕಲ್ಲಿನ ಮೇಲೇ ಇರುತ್ತಿದ್ದ. ಹೀಗೆ ನೀರಿನ ಜಗಳಕ್ಕೆ ಬಂದು ನಮ್ಮೂರಿನ ಎಷ್ಟೋ ಗಂಡಸರು ಕಾಜಾ ಹಾಕುವುದನ್ನು ಕಲಿತಿದ್ದಾರೆ. ಆದರೆ ಯಂತ್ರ ನಿಂತುಬಿಟ್ಟರೆ ಮಾತ್ರ ತಗಡಿನ ಈಚೆ ನಾನೂ ಕೆಲಸ ನಿಲ್ಲಿಸುತ್ತಿದ್ದೆ. ಅತ್ತಿಗೆಗೆ ನಿಜವಾಗಿ ಏನೋ ತಟ್ಟಿದೆ ಎಂದೇ ಅದರರ್ಥ.

ಒಂದು ಸಂಜೆ ಹಾಗೆ ನಿಂತಿತು. ನಾನು ಓಡಿಹೋದೆ. ಮೇಲಿನ ಇಲಾಖೆಯಿಂದ ಕಾಗದ ಬಂದಿತ್ತು. ನೀರು, ಒಳಚರಂಡಿ ನಡೆಸುವ ಸ್ಥಳೀಯ ಸಂಸ್ಥೆಗಳಿಗೆ ಬೆಂಬಲ ಕೊಡಲು ತಂಡವೊಂದು ಬರುತ್ತದಂತೆ. ಎಲ್ಲವನ್ನೂ ನೋಡುತ್ತದಂತೆ. ಸಂಸ್ಥೆಗೆ ಕೈಲಾಗುವುದಿಲ್ಲ ಎಂದು ಕಂಡರೆ ಪಂಪು, ಪೈಪು, ಘಟಕ ಎಲ್ಲವೂ ಮಹಾನಗರದ ಮಂಡಳಿಗೆ. ಬೆನ್ನು ತಟ್ಟುತ್ತೇವೆ ಎಂದು ಹೇಳಿ ಕುತ್ತಿಗೆಗೆ ಕೈ ಹಾಕುವುದು ಹೀಗೆ. ನನಗೆ ಮೈಯೆಲ್ಲ ಉರಿದುಹೋಯಿತು, ಎರಡು ಒಳ್ಳೆಯ ಮಾತು ಜೋರಾಗಿಯೇ ಆಡಿದೆ. ಅವನ್ನು ಇಲ್ಲಿ ಬರೆಯುವಂತಿಲ್ಲ.

ಮಂಡಳಿಗೆ ಹೋದ ಊರೊಂದು ನಮಗೆ ಗೊತ್ತಿತ್ತು. ಅಣ್ಣನ ಬಸ್ಸು ಅಲ್ಲಿಗೆ ಹೋಗುತ್ತದೆ. ಅಲ್ಲಿ ಪೈಪು ಒಡೆದರೆ ಒಂದು ನಂಬರಿಗೆ ಫೋನು ಮಾಡಬೇಕು. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಒಬ್ಬಳು ಹೇಳುತ್ತಾಳೆ. ಒತ್ತಿದರೆ ಸಂಗೀತ ಬರುತ್ತದೆ, ನೀರು ಬರುವುದಿಲ್ಲ. ಅವಳನ್ನು ಬೈದರೆ ಅವಳಿಗೆ ಕೇಳಿಸುವುದೂ ಇಲ್ಲ.

ಅತ್ತಿಗೆ ಕಾಗದ ಮಡಚಿದರು. "ಕುರ್ಚಿ ಹೋದ್ರೆ ಹೋಗ್ಲಿ ಬಿಡು. ನನಗೆ ಹೊಲಿಯೋಕೆ ಬಟ್ಟೆ ಇದೆ. ಆದ್ರೆ ಈ ಜನ ಆಮೇಲೆ ಯಾರ ಮುಖ ನೋಡ್ಕೊಂಡು ಬೈತಾರೆ?" ಎಂದರು.

ಸುದ್ದಿ ಊರು ಸುತ್ತಿತು. ನಮ್ಮೂರಿನ ನಿಜವಾದ ಸಭೆ ನಡೆಯುವುದು ಕಟಿಂಗ್ ಅಂಗಡಿಯಲ್ಲಿ. ಅದರ ಮಾಲೀಕ ಅತ್ತಿಗೆಯನ್ನು ಬೈಯುವವರಲ್ಲಿ ಎಲ್ಲರಿಗಿಂತ ಹಿರಿಯ. ವಾರಕ್ಕೊಮ್ಮೆ ಬಂದು ಹೋಗದಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನೇ ಅಂದು ಕತ್ತರಿ ಕೆಳಗಿಟ್ಟು, ಟೈಲರಕ್ಕನ ಮಾನ ಉಳಿಸುವುದು ನಮ್ಮ ಕೆಲಸ ಎಂದನಂತೆ. ಉಪಾಯವನ್ನೂ ಅವನೇ ಹೇಳಿದ. ತಂಡ ಬರುವ ದಿನ ಯಾರೂ ನಲ್ಲಿ ತಿರುಗಿಸಬಾರದು. ಟ್ಯಾಂಕು ತುಂಬಿರುತ್ತದೆ, ಅವರು ಯಾವ ನಲ್ಲಿ ತೆರೆದರೂ ನೀರು ಚಿಮ್ಮಬೇಕು. ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಮರುದಿನಕ್ಕೆ. ಒಂದು ಚೊಂಬು ಕೊಳಚೆಯೂ ಚರಂಡಿಗೆ ಹೋಗಕೂಡದು, ಘಟಕ ಕನ್ನಡಿಯ ಹಾಗೆ ಹೊಳೆಯಬೇಕು. ಅಕ್ಕನಿಗೆ ಮಾತ್ರ ಹೇಳಬೇಡಿ, ಸಂತೋಷಪಡಲಿ.

ಎಂದೂ ಒಂದು ಮಾತಿಗೆ ಬಾರದ ಊರು ಅಂದು ಒಂದಾಯಿತು. ಪಕ್ಕದ ಊರೊಂದರ ಕಟಿಂಗ್ ಅಂಗಡಿಯವನು ಇವನ ಭಾಮೈದ, ಇನ್ನೊಂದರವನು ಷಡ್ಡಕ. ಅಲ್ಲಿಗೂ ಹೇಳಿ ಕಳಿಸಿದ. ತಂಡ ಬರುವ ದಿನ ಬೆಳಿಗ್ಗೆ ನನ್ನ ಹೆಂಡತಿ ನಮ್ಮ ಬಚ್ಚಲ ನಲ್ಲಿಗೆ ಬಟ್ಟೆ ಸುತ್ತಿ ಗಂಟು ಹಾಕಿದ್ದಳು. ನಾನು ಕೂಗಾಡಿದೆ. "ನಿಮ್ಮ ಅತ್ತಿಗೆಗೋಸ್ಕರ ಒಂದು ದಿನ ಹೀಗೇ ನಾರ್ತಾ ಇರಿ" ಎಂದಳು. ಹಾಗೇ ಹೋದೆ.

ಹೋದದ್ದು ಘಟಕಕ್ಕೆ. ಅಲ್ಲಿ ಕೊಳಚೆ ಒಳಬರುವ ಕಾಲುವೆಗೆ ಅಡ್ಡ ಇರುವ ಕಬ್ಬಿಣದ ಜಾಲರಿ ನನ್ನ ಕೈಯದೇ, ಅದರ ಒಂದು ಸರಳು ಬಿಟ್ಟುಕೊಂಡಿತ್ತು. ಬೆಸೆದು ಮುಗಿಸುವ ಹೊತ್ತಿಗೆ ಜೀಪು ಬಂತು. ಹಿರಿಯ ಎಂಜಿನಿಯರ್ ಒಬ್ಬರು, ಅವರ ಹಿಂದೆ ಟ್ಯಾಬು ಹಿಡಿದ ಸಹಾಯಕಿ. ಅತ್ತಿಗೆ ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡಿಸಿಕೊಂಡು ಬಂದಿದ್ದರು, ತೆಗೆದಿಡಲು ಮರೆತಿದ್ದರು. ಮುಖ ಮಾತ್ರ ಸರಿಯಿರಲಿಲ್ಲ. ಅವರು ಮೊದಲು ನೋಡಲು ಹೋದ ಟ್ಯಾಂಕು ತುಂಬಿ ಸುರಿಯುತ್ತಿತ್ತಂತೆ. ನೀರುಗಂಟಿ ಎಂದಿನ ಹಾಗೆ ಎಂದಿನಷ್ಟು ಹೊತ್ತು ಪಂಪು ಓಡಿಸಿದ್ದ, ಬಳಸುವವರಿಲ್ಲದ ನೀರು ನಾಲ್ಕೂ ಕಡೆ ಜಲಪಾತವಾಗಿತ್ತು. ನೀರು ಪೋಲು ಎಂದು ಸಹಾಯಕಿ ಗುರುತು ಹಾಕಿಕೊಂಡಾಗಿತ್ತು.

ಈಗ ಎಲ್ಲರೂ ಕಾಲುವೆಯನ್ನು ಬಗ್ಗಿ ನೋಡಿದರು. ಮೂರು ಊರಿನ ಕೊಳಚೆ ಗಳಗಳ ಹರಿಯಬೇಕಾದ ಕಡೆ ಒಂದು ಕಾಗೆ ನಡೆದಾಡುತ್ತಿತ್ತು. ಎಂಜಿನಿಯರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಡಂ, ನಿಮ್ಮೂರಲ್ಲಿ ಜನ ಇದ್ದಾರೆ ತಾನೆ?"

"ಇದ್ದಾರೆ ಅಂತಲೇ ಅಂದ್ಕೊಂಡಿದ್ದೆ ಸಾರ್. ಬೆಳಿಗ್ಗೆಯಿಂದ ಒಬ್ಬರೂ ಬೈಯೋಕೆ ಬಂದಿಲ್ಲ. ಈಗ ನನಗೂ ಅನುಮಾನ."

ಅವರು ನಗಲಿಲ್ಲ. ಇಷ್ಟು ದೊಡ್ಡ ಘಟಕ ಈ ಊರಿಗೆ ಬೇಕಾಗಿಯೇ ಇಲ್ಲ, ಎಷ್ಟು ನೀರು ಬೇಕು ಎಂಬ ಅಂದಾಜೂ ಸಂಸ್ಥೆಗೆ ಇದ್ದಂತಿಲ್ಲ, ಇದನ್ನೆಲ್ಲ ಮಂಡಳಿಯೇ ನೋಡಿಕೊಳ್ಳುವುದು ಒಳ್ಳೆಯದು ಎಂದು ಸಹಾಯಕಿಗೆ ಹೇಳಿದರು. ನನ್ನ ಕೈಯಲ್ಲಿ ಇನ್ನೂ ಸುತ್ತಿಗೆ ಇತ್ತು. ಅದನ್ನು ನೋಡಿ ಅತ್ತಿಗೆ, "ಅದನ್ನ ಕೆಳಗಿಡು" ಎಂದರು. ಇಟ್ಟೆ.

ತಂಡದವರನ್ನು ಚಹಾಕ್ಕೆಂದು ತಮ್ಮ ಹೊಲಿಗೆ ಅಂಗಡಿಯಲ್ಲಿ ಕೂರಿಸಿ, ಜನಕ್ಕೆ ಏನಾಯಿತೆಂದು ನೋಡಲು ಅತ್ತಿಗೆ ಬೀದಿಗಿಳಿದರು. ನಾನೂ ಹಿಂದೆಯೇ ಹೋದೆ. ಕಟಿಂಗ್ ಅಂಗಡಿಯ ಮುಂದೆ ಸ್ನಾನವಿಲ್ಲದ ಗಂಡಸರೆಲ್ಲ ಮದುವೆಯ ಬೀಗರ ಹಾಗೆ ಬೀಗುತ್ತ ನಿಂತಿದ್ದರು. ಒಂದು ಬುಟ್ಟಿ ಬೆವರಿನ ವಾಸನೆ.

"ಹೇಗಿತ್ತಕ್ಕಾ ನಮ್ಮ ಬೆಂಬಲ?" ಎಂದ ಅಂಗಡಿಯವನು. ಮೂರೂ ಊರು ನಲ್ಲಿ ಮುಚ್ಚಿದ್ದನ್ನು ಹೆಮ್ಮೆಯಿಂದ ವಿವರಿಸಿದ.

ಅತ್ತಿಗೆ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ವರ್ಷ ಬೈದ್ರಿ, ನಾನು ಬೇಜಾರು ಮಾಡ್ಕೊಂಡೆನಾ? ಇವತ್ತು ಒಂದು ದಿನ ಸುಮ್ಮನಿದ್ರಿ ನೋಡಿ, ಮನೆ ಹಾಳಾಯ್ತು. ಘಟಕದಲ್ಲಿ ಕಾಗೆ ವಾಕಿಂಗ್ ಹೋಗ್ತಿದೆ. ನಾನು ಇಲ್ಲಿ ಕೊಳಚೆ ನಡೆಸ್ತಾ ಇದೀನಿ ಕಣಯ್ಯಾ, ದೇವಸ್ಥಾನ ಅಲ್ಲ. ಹೋಗಿ, ಎಲ್ಲರೂ ಹೋಗಿ ಸ್ನಾನ ಮಾಡಿ."

ನಮ್ಮ ಜನಕ್ಕೆ ಅರ್ಧಂಬರ್ಧ ಮಾಡಿ ಗೊತ್ತಿಲ್ಲ. ಫೋನಿನ ಮೇಲೆ ಫೋನು ಹೋಗಿ ಮೂರೂ ಊರಿನವರು ಒಟ್ಟಿಗೆ ನಲ್ಲಿ ತಿರುಗಿಸಿದರು. ಮಿಂದದ್ದೇ ಮಿಂದದ್ದು, ಒಗೆದದ್ದೇ ಒಗೆದದ್ದು. ಕೊಳಕಿಲ್ಲದ ಹಾಸಿಗೆ ಹೊದಿಕೆಗಳೂ ನೆನೆದವು. ತುಂಬಿದ ಟ್ಯಾಂಕು ನೋಡನೋಡುತ್ತ ಬರಿದಾಯಿತು, ಕೊನೆಯ ಬೀದಿಗಳಿಗೆ ತೊಟ್ಟೂ ಇಲ್ಲ. ಕೊಳಚೆ ಬಂದ ರಭಸಕ್ಕೆ ತಗ್ಗಿನಲ್ಲಿದ್ದ ಒಂದು ಮ್ಯಾನ್‌ಹೋಲಿನ ಮುಚ್ಚಳ ಎದ್ದಿತು. ಅದು ಕಟಿಂಗ್ ಅಂಗಡಿಯ ಮುಂದಿನದೇ ಆಗಿತ್ತೆಂದು ನಾನು ಸಂತೋಷದಿಂದ ಬರೆಯುತ್ತೇನೆ.

ಆಮೇಲೆ ಬಂದರು ನೋಡಿ, ಬೈಯುವವರು. ಮೊದಲು ಬಂದವನು ಅರ್ಧ ಮುಖಕ್ಕೆ ಸೋಪಿನ ನೊರೆ ಹಚ್ಚಿಕೊಂಡ ಗಿರಾಕಿ. ಅವನ ಹಿಂದೆ ಪ್ಯಾಂಟು ಮಡಚಿಕೊಂಡ ಕಟಿಂಗ್ ಅಂಗಡಿಯವನು. ಒಗೆದ ಬಟ್ಟೆ ಜಾಲಿಸಲು ನೀರಿಲ್ಲ ಎಂದು ಇಬ್ಬರು ಹೆಂಗಸರು. ಇದೇನು ಊರಾ, ಇದೇನು ಪುರಸಭೆಯಾ ಎಂದು ಎಲ್ಲರದೂ ಒಂದೇ ರಾಗ. ಚಹಾದ ಲೋಟ ಹಿಡಿದ ಎಂಜಿನಿಯರು ಮೂಲೆಗೆ ಸರಿದರು. ಅತ್ತಿಗೆ ಯಂತ್ರದ ಮುಂದೆ ಕೂತು ತುಳಿಯತೊಡಗಿದರು. ಕೈಯಲ್ಲಿ ಬ್ಯಾಂಕಿನ ಪರದೆ, ಉದ್ದವೆಂದರೆ ಉದ್ದ. ನೊರೆಯವನಿಗೆ ಒಂದು ತುದಿ ಕೊಟ್ಟರು. ನೀರುಗಂಟಿ ಸೈಕಲ್ಲು ಹತ್ತಿದ. ಪುರಸಭೆಯ ಸಲಿಕೆಯವರು ಮ್ಯಾನ್‌ಹೋಲಿಗೆ ಹೋದರು. ಅತ್ತಿಗೆ ತಲೆ ಎತ್ತದೆ ಪರದೆಯ ಇನ್ನೊಂದು ತುದಿಯನ್ನು ಹತ್ತಿರವಿದ್ದ ಕೈಗೆ ಕೊಟ್ಟರು. ಆ ಕೈ ಎಂಜಿನಿಯರದು.

ಬಟ್ಟೆ ಕೈಗೆ ಬಂದರೆ ಮನುಷ್ಯನಿಗೆ ಏನೋ ಆಗುತ್ತದೆ. ಜನ ಒಬ್ಬೊಬ್ಬರೇ ಬೈದು ಮುಗಿಸಿ ಹಗುರಾಗಿ ಹೊರಟರು. ಎಂಜಿನಿಯರು ಮಾತ್ರ ಪರದೆ ಹಿಡಿದು ನಿಂತೇ ಇದ್ದರು. ಕೊನೆಗೆ ಅವರೂ ಬಾಯಿ ಬಿಟ್ಟರು.

"ನಮ್ಮನೇಲೂ ನೀರು ಸರಿಯಾಗಿ ಬರ್ತಿಲ್ಲ ಅಮ್ಮಾ. ನಾನು ಅದೇ ಮಂಡಳೀಲಿ ಇದ್ದೋನು, ಅಲ್ಲಿಂದಲೇ ಇಲಾಖೆಗೆ ಬಂದೋನು. ಆದ್ರೂ ಯಾರಿಗೆ ಹೇಳ್ಬೇಕು ಅಂತ ನನಗೇ ಗೊತ್ತಿಲ್ಲ. ಫೋನ್ ಮಾಡಿದ್ರೆ ಹಾಡು ಹಾಕ್ತಾರೆ."

ಯಂತ್ರ ನಿಂತಿತು. ಸಹಾಯಕಿ ಟ್ಯಾಬಿನಿಂದ ತಲೆ ಎತ್ತಿದಳು. ಅತ್ತಿಗೆ ಮೊದಲ ಸಲ ಅವರ ಮುಖವನ್ನು ಸರಿಯಾಗಿ ನೋಡಿದರು.

"ಯಾವ ಬೀದಿ ಸಾರ್? ಎಂದಿನಿಂದ ಹೀಗೆ?"

ಅವರು ಹೇಳಿದರು. ಶುರು ಮಾಡಿದ ಮೇಲೆ ಅವರಿಗೆ ನಿಲ್ಲಿಸಲು ಆಗಲಿಲ್ಲ. ಅತ್ತಿಗೆ ಮತ್ತೆ ತುಳಿಯತೊಡಗಿದರು. ಅವರ ಸ್ವರ ಏರಿತು, ಇವರ ಕಾಲೂ ಏರಿತು. ಪರದೆ ಮುಗಿಯಿತು.

ಕೆಲವು ವಾರಗಳಾದ ಮೇಲೆ ಆದೇಶ ಬಂತು. ನೀರು, ಒಳಚರಂಡಿ ಎರಡೂ ಪುರಸಭೆಯ ಕೈಯಲ್ಲೇ ಮುಂದುವರಿಯುತ್ತವೆ. ಸಾರ್ವಜನಿಕರ ಸಹಕಾರ ತೃಪ್ತಿಕರ, ಆದರೆ ಅದು ಮಿತಿಯಲ್ಲಿರುವಂತೆ ನೋಡಿಕೊಳ್ಳತಕ್ಕದ್ದು ಎಂದು ಕೊನೆಯಲ್ಲಿ ಒಂದು ಸಾಲು. ಬೆಂಬಲದ ರೂಪದಲ್ಲಿ ಬೀಗ ಹಾಕಿದ ದೂರು ಪೆಟ್ಟಿಗೆಯೊಂದನ್ನೂ ಕಳಿಸಿದ್ದರು. ಬೀಗದ ಕೈ ಬರಲಿಲ್ಲ. ನಾನೇ ಒಡೆದುಕೊಟ್ಟೆ. ಅತ್ತಿಗೆ ಅದರಲ್ಲಿ ಗುಂಡಿಗಳನ್ನು ಇಟ್ಟಿದ್ದಾರೆ.

ಕಟಿಂಗ್ ಅಂಗಡಿಯವನು ಮರುವಾರವೇ ಬೈಯಲು ಬಂದ. ಅಂದಿನ ಉಪಾಯದ ಬಗ್ಗೆ ಅವನನ್ನು ಕೇಳಿದರೆ, ಪುರಸಭೆ ಉಳಿದದ್ದೇ ತನ್ನಿಂದ ಎನ್ನುತ್ತಾನೆ. ಇದನ್ನು ಕೇಳಿದಾಗಲೆಲ್ಲ ನನ್ನ ಕೈ ಸುತ್ತಿಗೆ ಹುಡುಕುತ್ತದೆ. ಇನ್ನೂ ಮೈ ಉರಿಯುವುದೇನೆಂದರೆ, ಅವನು ಹೇಳುವುದು ಸುಳ್ಳೂ ಅಲ್ಲ.

ಎಂಜಿನಿಯರು ಈಗ ನಿವೃತ್ತರಾಗಿದ್ದಾರಂತೆ. ತಿಂಗಳಿಗೊಮ್ಮೆಯಾದರೂ ಅವರ ಫೋನು ಬರುತ್ತದೆ. ಅತ್ತಿಗೆ ಸ್ಪೀಕರ್ ಹಾಕಿ ಫೋನನ್ನು ಯಂತ್ರದ ಹಲಗೆಯ ಮೇಲೆ ಇಡುತ್ತಾರೆ. ಇನ್ನೂ ನೀರು ಬಂದಿಲ್ಲ, ಇದೇನು ನಗರವಾ, ಇದೇನು ಮಂಡಳಿಯಾ ಎಂದು ಅವರು ಅಲ್ಲಿಂದ ಬೈಯುತ್ತಾರೆ. ಅವರ ಬೀದಿಗೆ ನೀರು ಬಿಡುವುದು ಅತ್ತಿಗೆಯ ಕೈಯಲ್ಲಿಲ್ಲ, ಅದು ಅವರಿಗೂ ಗೊತ್ತು. ಆದರೂ ಅತ್ತಿಗೆ ಫೋನು ಇಡುವುದಿಲ್ಲ. ಮೇಲಿನವರಿಗೂ ಯಾರಾದರೂ ಬೆಂಬಲ ಕೊಡಬೇಕಲ್ಲ ಎನ್ನುತ್ತಾರೆ. ತಗಡಿನ ಈಚೆಗೆ ಯಂತ್ರದ ಸದ್ದು ಕೇಳಿಸುತ್ತಿರುತ್ತದೆ. ಅವರು ಜೋರು ಮಾಡಿದಷ್ಟೂ ಅದೂ ಜೋರು.