ಟೋಪಿ ಹುಡುಕಿಕೊಂಡು ಹೊರಟ ನೀಲಿ ಎಮ್ಮೆ

ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಚಿತ್ರದ ಪುಸ್ತಕ ಆರಿಸಿ ತರುವ ಕೆಲಸವನ್ನು ಮುಖ್ಯಗುರುಗಳು ನನಗೆ ಹಚ್ಚಿದಾಗ, ಒಂದು ಭಾನುವಾರದಲ್ಲಿ ಮುಗಿದೀತು ಎಂದುಕೊಂಡಿದ್ದೆ. ಇಂಗಳೇಶ್ವರದ ಕಡೆಯ ಒಂದು ಹಳ್ಳಿಶಾಲೆಯಲ್ಲಿ ನಾನು ಆ ಮಕ್ಕಳಿಗೆ ಕಲಿಸುತ್ತೇನೆ. ನನಗೆ ಬೇಕಿದ್ದದ್ದು ಸ್ವಲ್ಪ ತಲೆಕೆಟ್ಟ ಕಥೆ, ಮಗು ತಾನೇ ಹಾಳೆ ತಿರುವುವಂಥದು.

ಬಾಗೇವಾಡಿಯ ಅಂಗಡಿಯಾತ ಆರು ಬಗೆಯ ಅಕ್ಷರಮಾಲೆ ಹರವಿದ. ಆರರಲ್ಲೂ ಅ ಎಂದರೆ ಅರಸ. ಕಥೆ ಬೇಕೆಂದೆ. ಸುಳ್ಳು ಹೇಳಿ ಬಾಲ ಕಳೆದುಕೊಂಡ ಇಲಿಯ ಕಥೆ ಕೊಟ್ಟ. ಕೊನೆಯ ಪುಟದಲ್ಲಿ ಚೌಕಟ್ಟು ಹಾಕಿ 'ನೀತಿ' ಎಂದು ಬರೆದಿತ್ತು.

"ನೀತಿ ಇಲ್ಲದ್ದು ಇಲ್ಲೇನ್ರಿ?" ಎಂದೆ.

"ಟೀಚರ್ ಆಗಿ ಹಿಂಗ ಕೇಳ್ತೀರಲ್ರಿ ಅಕ್ಕಾರ!"

ಮರುವಾರ ಮುದ್ದೇಬಿಹಾಳಕ್ಕೆ ಹೋದೆ. ಅಂಗಡಿ ತುಂಬ ಪರೀಕ್ಷೆಯ ಗೈಡುಗಳು, ಮೂಲೆಯಲ್ಲಿ ಬೇರೆ ರಟ್ಟಿನೊಳಗೆ ಅದೇ ಇಲಿ. ನೆಂಟರ ಮಗುವಿನ ಹೆಸರಿಡುವ ಕಾರ್ಯಕ್ಕೆಂದು ಸಿಂದಗಿಗೆ ಹೋದವಳು ಊಟ ಬಿಟ್ಟು ಅಂಗಡಿಗೆ ಓಡಿದೆ. ಅಲ್ಲೂ ಇಲಿ! ದೂರದಿಂದಲೇ ಅದರ ಮುಖ ಗುರುತು ಹಿಡಿಯುವಷ್ಟು ಪರಿಚಯವಾಗಿತ್ತು.

ಕೊನೆಗೆ ಇಂಡಿಯಲ್ಲಿ, ಅಕ್ಕನ ಮನೆಗೆ ಹೋದಾಗ, ಒಂದು ಅಂಗಡಿಯ ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೆ ಕಂಡಿತು. "ಅವು ಹೋಗಂಗಿಲ್ರಿ, ವಾಪಸ್ ಕಳಸಾಕ ಇಟ್ಟೇನಿ" ಎಂದ ಅಂಗಡಿಯಾತ. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಓದಿದೆ. ನೀಲಿ ಬಣ್ಣದ ಎಮ್ಮೆಯೊಂದಕ್ಕೆ ಬಿಸಿಲಿಗೆ ತಲೆ ಸುಡುತ್ತದೆ. ಅದು ಟೋಪಿ ಹುಡುಕಿಕೊಂಡು ಹೊರಡುತ್ತದೆ. ಬುಟ್ಟಿ, ಮಡಕೆ ಎಲ್ಲ ಹಾಕಿ ನೋಡಿ, ಕಡೆಗೆ ಕಾಗೆಗೂಡನ್ನು ಕಾಗೆಯ ಸಮೇತ ತಲೆಗಿಟ್ಟುಕೊಂಡು ಮಲಗುತ್ತದೆ. ಅಷ್ಟೇ. ನಾನೊಬ್ಬಳೇ ನಕ್ಕೆ. ಅದರ ಜೊತೆಗೆ ಇನ್ನೂ ಮೂರನ್ನು ಆರಿಸಿಕೊಂಡೆ.

ಮುಖ್ಯಗುರುಗಳು ಪುಸ್ತಕವನ್ನು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ತಿರುವಿದರು.

"ಎಮ್ಮಿ ನೀಲಿ ಐತಲ್ರಿ?"

"ಹೌದ್ರಿ ಸರ್."

"ಇದರಾಗ ಮಕ್ಕಳು ಕಲಿಯೂದೇನೈತಿ?"

"ನಗೂದ್ರಿ."

"ನಗಾಕ ಪುಸ್ತಕ ಯಾಕ್ ಬೇಕ್ರಿ?" ಎಂದು ಅವರು ಅದನ್ನು ಹಿಡಿದುಕೊಂಡೇ ಕಪಾಟಿನ ಕಡೆ ನಡೆದರು. ನಾಲ್ಕು ಊರಿನ ಧೂಳು ಕುಡಿದು ತಂದದ್ದು! "ಒಮ್ಮೆ ಓದಿ ತೋರಸ್ತೇನಿ, ಆಮ್ಯಾಲ ಬೇಕಾದ್ರ ಕೀಲಿ ಹಾಕ್ರಿ" ಎಂದು ಅವರ ಕೈಯಿಂದ ಹೆಚ್ಚುಕಡಿಮೆ ಕಸಿದುಕೊಂಡೆ.

ತರಗತಿಯಲ್ಲಿ ಮೊದಲ ಪುಟ ತೆರೆದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಮನೆಯಲ್ಲಿ ಎಮ್ಮೆಗಳಿವೆ. "ಟೀಚರ್, ಎಮ್ಮಿ ನೀಲಿ ಇರಂಗಿಲ್ರಿ."

ಇಡೀ ತರಗತಿ ಹೌದೆಂದಿತು. ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಹಲ್ಲು ಕಚ್ಚಿ ಮುಂದೆ ಓದಿದೆ. ಎಮ್ಮೆ ಬುಟ್ಟಿ ಹಾಕಿಕೊಳ್ಳುವ ಪುಟ ಬಂದಾಗ ಅದೇ ಹುಡುಗಿ ಹತ್ತಿರ ಬಂದು ಚಿತ್ರದ ಮೇಲೆ ಬೆರಳಿಟ್ಟಳು. "ಕೋಡು ಹಿಂಗಿದ್ರ ಇದು ಹೆಂಗ ಕುಂಡ್ರತೈತ್ರಿ? ಬೀಳತೈತಿ."

ಬುಟ್ಟಿಗೆ ಎರಡು ತೂತು ಮಾಡಬೇಕು ಎಂದರು ಕೆಲವರು. ಕೋಡಿಗೊಂದರಂತೆ ಎರಡು ಟೋಪಿ ಬೇಕೆಂದರು ಉಳಿದವರು. ಕೂಗಾಟಕ್ಕೆ ಮುಖ್ಯಗುರುಗಳೇ ಬಾಗಿಲಿಗೆ ಬಂದರು. "ಏನಿದು ಗದ್ದಲ?"

ಮಕ್ಕಳು ಒಟ್ಟಿಗೇ ವಿಷಯ ತಿಳಿಸಿದರು. ನಾನು ಬೈಗುಳಕ್ಕೆ ಸಿದ್ಧಳಾದೆ. ಅವರು ಚಿತ್ರವನ್ನು ತುಸುಹೊತ್ತು ನೋಡಿ, "ಟೋಪಿ ನಿಲ್ಲಂಗಿಲ್ಲ. ರುಮಾಲ ಸುತ್ತಬೇಕು" ಎಂದರು. ಇಲ್ಲದ ಎಮ್ಮೆಯೊಂದರ ತಲೆಗೆ ಗಾಳಿಯಲ್ಲೇ ಸುತ್ತಿಯೂ ತೋರಿಸಿದರು.

"ಕಿವಿ ಮುಚ್ಚಬ್ಯಾಡ್ರಿ ಸರ, ಅದು ಬೆದರತೈತಿ" ಎಂದಳು ಹುಡುಗಿ.

ಅವರು ಸುತ್ತಿದ್ದನ್ನು ಬಿಚ್ಚಿ, ಕಿವಿ ಬಿಟ್ಟು, ಮತ್ತೆ ಸುತ್ತಿದರು.

ಪುಸ್ತಕ ಕಪಾಟಿಗೆ ಹೋಗಲಿಲ್ಲ. ಎರಡೇ ತಿಂಗಳಲ್ಲಿ ಅದರ ಹೊಲಿಗೆ ಬಿಚ್ಚಿತು, ಕಾಗೆಗೂಡಿನ ಪುಟವನ್ನು ಯಾರೋ ಮನೆಗೆ ಒಯ್ದರು. ಕೇಳಿದರೆ ಎಲ್ಲರೂ ಚಾವಣಿ ನೋಡುತ್ತಾರೆ. ಅಷ್ಟು ಅಳೆದು ಸುರಿದು ತಂದ ಉಳಿದ ಮೂರನ್ನು ಒಬ್ಬರೂ ಮುಟ್ಟುವುದಿಲ್ಲ. ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮೊನ್ನೆ ಮುಖ್ಯಗುರುಗಳು ಕರೆದು, "ಮೂರನೇತ್ತದ ಮಕ್ಕಳಿಗೂ ಪುಸ್ತಕ ಬೇಕ್ರಿ. ನೀವ ಆರಿಸಿ ತರ್ರಿ, ನಿಮಗ ಚಲೋ ಗೊತ್ತಾಗತೈತಿ" ಎಂದರು. ಮೆಚ್ಚುಗೆಯ ಮಾತೇ, ನಿಜ. ಆದರೆ ನಾನು ಮೊದಲು ನೆನೆಸಿಕೊಂಡದ್ದು ನಿಂತುಕೊಂಡೇ ಹೋಗಬೇಕಾದ ಭಾನುವಾರದ ಬಸ್ಸುಗಳನ್ನು.