ಅಪ್ಪನನ್ನು ಹುಡುಕಲು ಮಗಳ ಮುಖ

ಕೌಟುಂಬಿಕ ನ್ಯಾಯಾಲಯದಲ್ಲಿ ಎಲ್ಲರೂ ಅವರನ್ನು ವಾರಂಟಕ್ಕ ಎನ್ನುತ್ತಾರೆ. ಅವರು ಒಯ್ಯುವುದರಲ್ಲಿ ವಾರಂಟಿಗಿಂತ ನೋಟಿಸುಗಳೇ ಹೆಚ್ಚು. ಆದರೆ ನೋಟಿಸಕ್ಕ ಎಂದರೆ ಯಾರೂ ಹೆದರುವುದಿಲ್ಲ ಎಂದು ಅವರೇ ನಗುತ್ತಾರೆ. ಐವತ್ತು ದಾಟಿದ ದಪ್ಪ ಹೆಂಗಸು. ಹೆಗಲಿಗೆ ರೆಕ್ಸಿನ್ ಚೀಲ, ಕಾಲಿಗೆ ಗಂಡಸರ ಚಪ್ಪಲಿ. ಹೆಂಗಸರ ಚಪ್ಪಲಿ ಕೆಲಸಕ್ಕಲ್ಲ, ಫೋಟೊಗೆ ಮಾಡಿದ್ದು ಎಂಬುದು ಅವರ ಅಭಿಪ್ರಾಯ.

ವಿಚ್ಛೇದನದ ಹೊತ್ತಿಗೆ ಮಗುವಿಗೆ ಇಷ್ಟು ಜೀವನಾಂಶ ಕೊಡಬೇಕೆಂದು ನ್ಯಾಯಾಧೀಶರು ಆದೇಶ ಮಾಡುತ್ತಾರೆ. ಕೆಲವು ಅಪ್ಪಂದಿರು ಕೊಡುತ್ತಾರೆ. ಕೆಲವರು ಮನೆ ಬದಲಿಸುತ್ತಾರೆ. ಅಂಥವರನ್ನು ಪತ್ತೆ ಮಾಡಿ, ನೋಟಿಸನ್ನು ಅವರ ಕೈಗೇ ಕೊಟ್ಟು ಸಹಿ ಪಡೆಯುವುದು ವಾರಂಟಕ್ಕನ ಕೆಲಸ. ಕೈಗೆ ತಲುಪದಿದ್ದರೆ ‘ಆಸಾಮಿ ಸಿಗಲಿಲ್ಲ’ ಎಂದು ಷರಾ ಬರೆಯಬೇಕು. ಕೇಸು ಮುಂದಕ್ಕೆ ಹೋಗುತ್ತದೆ, ಮಗುವಿನ ಚಪ್ಪಲಿ ಒಂದು ಸೈಜು ಚಿಕ್ಕದಾಗುತ್ತದೆ.

ಅವರದೊಂದು ಪದ್ಧತಿಯಿದೆ. ಗಂಡನ ಗುರುತು ಕೇಳಿದರೆ ಹೆಂಡತಿಯರು ಹೇಳುವುದೆಲ್ಲ ಬೈಗುಳವೇ. ಅದರಿಂದ ಯಾರನ್ನೂ ಗುರುತು ಹಿಡಿಯಲಾಗದು. ಫೋಟೊಗಳಲ್ಲಿ ಕತ್ತರಿ ಆಡಿರುತ್ತದೆ. ಹಾಗಾಗಿ ವಾರಂಟಕ್ಕ ಮಗುವನ್ನು ನೋಡುತ್ತಾರೆ. ಹುಬ್ಬು, ಕಿವಿ, ನಡಿಗೆ. ಹೋದಲ್ಲಿ ಹೆಸರನ್ನೂ ಕೇಳುವುದಿಲ್ಲ. ಹೆಸರು ಕೇಳಿದರೆ ಎಂಥ ಗಂಡಸೂ ‘ಅವನು ಊರಲ್ಲಿಲ್ಲ’ ಎಂದುಬಿಡುತ್ತಾನಂತೆ. ಮಗುವಿನ ಮುದ್ದಿನ ಹೆಸರು ಹೇಳಬೇಕು. ಯಾರು ತಿರುಗಿ ನೋಡುತ್ತಾನೋ ಅವನೇ ಅಪ್ಪ.

ಈ ಪದ್ಧತಿ ಒಮ್ಮೆ ಮಾತ್ರ ಕೈಕೊಟ್ಟಿತು.

ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸಿನ ಕೇಸು ಅದು. ನೋಟಿಸು ಎರಡು ಸಲ ವಾಪಸು ಬಂದಿತ್ತು. ಎರಡು ಪಾಳಿ ದುಡಿದರೂ ಅವಳಿಗೆ ಮನೆ ಬಾಡಿಗೆ, ಮಗಳ ಶಾಲೆ ಎರಡನ್ನೂ ತೂಗಿಸಲಾಗುತ್ತಿರಲಿಲ್ಲ. ಈ ವಾಯಿದೆಗೂ ಗಂಡ ಬರದಿದ್ದರೆ ಬೇಸಿಗೆ ರಜೆ ಮುಗಿಯುತ್ತಲೇ ಮಗಳನ್ನು ಬೇರೆ ಊರಿನ ಅಜ್ಜಿಯ ಮನೆಗೆ ಬಿಡುವುದೆಂದು ತೀರ್ಮಾನಿಸಿದ್ದಳು. ಅದನ್ನು ಮಗಳಿಗೆ ಇನ್ನೂ ಹೇಳಿರಲಿಲ್ಲ. ವಾರಂಟಕ್ಕನಿಗೆ ಹೇಳುವಾಗಲೂ, ಪಕ್ಕದಲ್ಲಿದ್ದ ಮಗಳಿಗೆ ಕೇಳಿಸದಂತೆ, ಲಾಂಡ್ರಿಯ ಕುದಿಯುವ ನೀರಿನ ಸದ್ದಿನ ಮರೆಯಲ್ಲಿ ಹೇಳಿದಳು.

ಮಗಳು ಪುಟ್ಟಿಗೆ ಒಂಬತ್ತು ವರ್ಷ. ಕೂಡು ಹುಬ್ಬು, ಎಡಗೈ ಬರವಣಿಗೆ, ಏನಾದರೂ ಕೇಳುವಾಗ ಕತ್ತು ಒಂದು ಕಡೆ ವಾಲಿಸುವ ಅಭ್ಯಾಸ. ಅಪ್ಪ ಸೋಫಾ ರಿಪೇರಿಯವನು, ಬಸ್ ಡಿಪೊ ಹಿಂದಿನ ಬೀದಿಯಲ್ಲಿ ಯಾರೋ ನೋಡಿದ್ದರಂತೆ. ವಾರಂಟಕ್ಕನಿಗೆ ಅಷ್ಟು ಸಾಕಾಯಿತು.

ಆ ಬೀದಿಯ ಕೊನೆಯ ಅಂಗಡಿಯಲ್ಲಿ ಫೋಮಿನ ಚೂರುಗಳ ನಡುವೆ ಒಬ್ಬ ಗಂಡಸು ಕೂತು ಎಡಗೈಯಲ್ಲಿ ಸುತ್ತಿಗೆ ಹಿಡಿದು ಮೊಳೆ ಹೊಡೆಯುತ್ತಿದ್ದ. ಕೂಡು ಹುಬ್ಬು. ವಾರಂಟಕ್ಕ ಬಾಗಿಲಲ್ಲೇ ನಿಂತು, ಪುಟ್ಟಿಯ ವಿಷಯಕ್ಕೆ ಬಂದಿದ್ದೇನೆ ಎಂದರು. ಅವನ ಕತ್ತು ವಾಲಿತು. ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದುಕೊಂಡ.

‘ಏನಾಯ್ತು ಪುಟ್ಟಿಗೆ?’

ವಾರಂಟಕ್ಕ ನೋಟಿಸನ್ನು ಕೈಗಿತ್ತು, ಸಹಿಗೆ ಪೆನ್ನು ತೆಗೆದರು. ಅವನು ಸಹಿ ಮಾಡಲಿಲ್ಲ. ನಿಧಾನವಾಗಿ ಓದಿ ಮುಗಿಸಿ, ಇದು ನನ್ನದಲ್ಲ, ನನ್ನ ತಮ್ಮನದು ಎಂದ.

ವಾರಂಟಕ್ಕ ಪೆನ್ನಿನ ಮುಚ್ಚಳ ಹಾಕಿದರು. ಬೇರೆ ಊರಿನಲ್ಲಿದ್ದ ಈ ಅಣ್ಣ, ತಮ್ಮನ ವಿಚ್ಛೇದನದ ನಂತರ ಇಲ್ಲಿಗೆ ಬಂದು ಅಂಗಡಿ ಹಾಕಿ, ತಮ್ಮನನ್ನೂ ಕೆಲಸಕ್ಕೆ ಇಟ್ಟುಕೊಂಡಿದ್ದ. ಇಸ್ತ್ರಿಯವಳಿಗೆ ಅದು ಗೊತ್ತಿರಲಿಲ್ಲ. ಈಗ ಅವನು ತಮ್ಮನಿಗೆ ಒಂದು ಫೋನು ಮಾಡಿದರೆ ಸಾಕು, ಆಸಾಮಿ ಮತ್ತೆ ನಾಪತ್ತೆ, ಹುಡುಗಿ ಅಜ್ಜಿ ಮನೆಗೆ. ಅವರು ನೋಟಿಸಿಗೆ ಕೈಚಾಚಿದರು. ಅವನು ಕೊಡಲಿಲ್ಲ. ಎರಡನೆಯ ಸಲ ಓದುತ್ತಿದ್ದ.

‘ಮಗೂಗೆ ಅಂತ ತಿಂಗಳು ತಿಂಗಳೂ ಅವನ ಕೂಲಿ ಮೇಲೆ ಬೇರೆಯಾಗಿ ಕೊಡ್ತಿದ್ದೀನಲ್ಲಮ್ಮ,’ ಎಂದ. ‘ನಾನೂ ಹೋಗಿ ನೋಡ್ಕೊಂಡು ಬರ್ತೀನಿ ಅಂದ್ರೆ, ಅವಳ ಅಮ್ಮ ನಮ್ಮ ಕಡೆಯೋರನ್ನ ಬಾಗಿಲಿಗೂ ಸೇರಿಸಲ್ಲ ಅಂತಿದ್ದ ನನ್ನ ತಮ್ಮ.’

ಆಮೇಲೆ ಒಂದು ಸ್ಟೂಲು ಎಳೆದು, ಕೂತ್ಕೊಳ್ಳಿ, ತಮ್ಮ ಸೋಫಾ ತಲುಪಿಸಲು ಹೋಗಿದ್ದಾನೆ, ಬರುತ್ತಾನೆ ಎಂದ. ನೋಟಿಸು ಕೊಡಲು ಹೋದಲ್ಲಿ ಕೂರಬಾರದೆಂಬುದು ವಾರಂಟಕ್ಕನ ನಿಯಮ. ಅಂದು ಕೂತರು. ಕಾಯುವಾಗ ಅವನು ಪುಟ್ಟಿ ಎಷ್ಟನೇ ಕ್ಲಾಸು, ಎತ್ತರ ಎಷ್ಟು, ಯಾರ ಹಾಗಿದ್ದಾಳೆ ಎಂದೆಲ್ಲ ಕೇಳಿದ. ಕೊನೆಯ ಪ್ರಶ್ನೆಗೆ ವಾರಂಟಕ್ಕ, ಅವಳು ನಿಮ್ಮ ಹಾಗಿಲ್ಲದಿದ್ದರೆ ನಾನಿಲ್ಲಿ ಪೇಚಿಗೆ ಸಿಕ್ಕುತ್ತಲೇ ಇರಲಿಲ್ಲ ಎಂದರು. ಅವನು ಮುಖ ತಿರುಗಿಸಿ ಮೂಗು ಒರೆಸಿಕೊಂಡ.

ಸೆಕೆಂಡ್ ಹ್ಯಾಂಡ್ ವ್ಯಾನೊಂದು ಬಂದು ನಿಂತಿತು. ಇಳಿದವನಿಗೆ ಕೂಡು ಹುಬ್ಬಿರಲಿಲ್ಲ, ಸಣಕಲು, ದೊಡ್ಡ ಕಿವಿ. ವಾರಂಟಕ್ಕನ ರೆಕ್ಸಿನ್ ಚೀಲ, ಅಣ್ಣನ ಕೈಯ ನೋಟಿಸು ಕಂಡದ್ದೇ ಮತ್ತೆ ವ್ಯಾನಿನ ಬಾಗಿಲಿಗೆ ಕೈ ಹಾಕಿದ. ಅಣ್ಣ ಎದ್ದು ನಿಲ್ಲಲಿಲ್ಲ, ದನಿಯನ್ನೂ ಏರಿಸಲಿಲ್ಲ.

‘ಕೀಲಿ ಇಲ್ಲಿಡು. ಇಷ್ಟು ದಿನ ಪುಟ್ಟಿ ಮೇಲೆ ಕೂತ್ಕೊಂಡು ಓಡಾಡಿದ್ದು ಸಾಕು.’

ತಮ್ಮ ಕೆಟ್ಟವನೇನಲ್ಲ, ಹೇಡಿ ಎಂಬುದು ವಾರಂಟಕ್ಕನ ಅಂದಾಜು. ಮಗುವಿನ ದುಡ್ಡನ್ನು ವ್ಯಾನಿಗೆ ಹಾಕಿ, ಬಾಡಿಗೆ ಓಡಿಸಿ ಎಲ್ಲವನ್ನೂ ಒಟ್ಟಿಗೆ ತೀರಿಸುವೆನೆಂದು ಒಂದು ತಿಂಗಳು ತಪ್ಪಿಸಿದ್ದನಂತೆ. ಎರಡನೆಯ ತಿಂಗಳು ಹೆಂಡತಿಯ ಮುಖ ನೋಡಲು ನಾಚಿಕೆ. ಮೂರನೆಯದಕ್ಕೆ ಮನೆ ಬದಲಿಸಿದ. ನಿಂತಲ್ಲೇ ಸಹಿ ಹಾಕಿದ. ಪೆನ್ನು ಹಿಡಿದದ್ದು ಬಲಗೈಯಲ್ಲಿ.

ನೋಟಿಸು ಮೊದಲು ಬೇರೆಯವರ ಕೈಗೆ ಹೋಯಿತೆಂದು ವಾರಂಟಕ್ಕ ವರದಿಯಲ್ಲಿ ಬರೆದರು. ಬರೆಯದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ಗುಮಾಸ್ತ ಗದರಿದ. ಸೋಫಾದವನಿಗೆ ಗೊತ್ತಲ್ಲ ಎಂದರು. ಮೇಲಧಿಕಾರಿ ಒಂದು ಮೆಮೊ ಕೊಟ್ಟರು. ಅದಕ್ಕೂ ಅವರು ಸಹಿ ಹಾಕಿ ತೆಗೆದುಕೊಂಡರು.

ವಾಯಿದೆಯ ದಿನ ಅಣ್ಣ ತಮ್ಮ ಇಬ್ಬರೂ ಬಂದರು. ಬಾಕಿಗೆ ವ್ಯಾನು ಮಾರುವುದು, ಇನ್ನು ಮುಂದೆ ಮಗುವಿನ ಪಾಲನ್ನು ತಮ್ಮನ ಕೂಲಿಯಿಂದ ಹಿಡಿದು ಅಣ್ಣನೇ ನೇರವಾಗಿ ಕಟ್ಟುವುದು ಎಂದು ಆದೇಶವಾಯಿತು. ಹೊರಗಿನ ಬೆಂಚಿನಲ್ಲಿ ಪುಟ್ಟಿ ದೊಡ್ಡಪ್ಪನ ಪಕ್ಕ ಕೂತು, ಅವನು ಕೇಳಿದ್ದಕ್ಕೆಲ್ಲ ಕತ್ತು ವಾಲಿಸಿಕೊಂಡು ಉತ್ತರ ಹೇಳುತ್ತಿದ್ದಳು. ಅಪ್ಪ ಸ್ವಲ್ಪ ದೂರದಲ್ಲಿ ನಿಂತಿದ್ದ. ಅಣ್ಣ ಕರೆದಾಗ ಬಂದು ಅದೇ ಬೆಂಚಿನ ತುದಿಯಲ್ಲಿ ಕೂತ.

ಇಸ್ತ್ರಿಯವಳು ಮೂರು ತಿಂಗಳು ದುಡ್ಡು ಸರಿಯಾಗಿ ಬಂದರೆ ನಂಬುತ್ತೇನೆ ಎಂದಳು. ಆದರೂ ಅಲ್ಲಿಂದಲೇ ಅಜ್ಜಿಗೆ ಫೋನು ಮಾಡಿ, ಪುಟ್ಟಿ ಬರುವುದಿಲ್ಲ, ಇಲ್ಲೇ ಇರುತ್ತಾಳೆ ಎಂದಳು. ಅಜ್ಜಿಯ ದನಿ ಪಕ್ಕದಲ್ಲಿ ನಿಂತ ವಾರಂಟಕ್ಕನಿಗೂ ಕೇಳಿಸಿತು.

‘ಮೊದಲೇ ಹೇಳಬಾರದೇನೇ? ನನ್ನ ಸೀರೆಯೆಲ್ಲ ತೆಗೆದು ಅವಳಿಗೆ ಅಂತ ಕಪಾಟು ಖಾಲಿ ಮಾಡಿ ಕೂತಿದ್ದೀನಿ. ಈಗ ಮತ್ತೆ ಯಾರು ಜೋಡಿಸ್ತಾರೆ?’