ಮಧ್ಯಾಹ್ನದ ಬೆರಳು

ಕಾಲೇಜಿನ ಆಟಗಾರ್ತಿಯರ ಹಾಸ್ಟೆಲ್‌ನಲ್ಲಿ ಅವಳ ಕೆಲಸ ಚಾದರ ಬದಲಿಸುವುದು. ಸೋಮವಾರ ಸೋಮವಾರ ಕೊಳೆಯಾದದ್ದನ್ನು ಎತ್ತಬೇಕು, ಒಗೆದದ್ದನ್ನು ಕೊಡಬೇಕು. ಹುಡುಗಿಯರು ಇಟ್ಟ ಹೆಸರು ಚಾದರಮ್ಮ.

ಚಾದರ ಸುಳ್ಳು ಹೇಳುವುದಿಲ್ಲ. ಯಾರು ಬೆವರಿದರು, ಯಾರು ಅತ್ತರು, ಯಾರು ಕದ್ದು ಬಿಸ್ಕತ್ತು ತಿಂದರು, ಎಲ್ಲ ಅದರಲ್ಲೇ ಇರುತ್ತದೆ. ಆದರೆ ಹನ್ನೆರಡನೇ ಕೋಣೆಯ ಕಿಟಕಿ ಪಕ್ಕದ ಮಂಚದ ಚಾದರ ಕೊಟ್ಟ ಹಾಗೇ ವಾಪಸು ಬರುತ್ತಿತ್ತು. ಇಸ್ತ್ರಿಯ ಗೆರೆಯೂ ಮುರಿದಿರಲಿಲ್ಲ. ಒಂದು ವಾರವಾದರೆ ಹುಡುಗಿ ಊರಿಗೆ ಹೋಗಿದ್ದಾಳೆ ಅನ್ನಬಹುದು. ಹುಡುಗಿ ಸೇರಿ ನಾಲ್ಕು ತಿಂಗಳು, ಒಂದು ಸಲವೂ ಸುಕ್ಕಿಲ್ಲ. ಹೆಣ ಮಲಗಿಸಿದರೂ ಬಟ್ಟೆ ಸುಕ್ಕಾಗುತ್ತದೆ. ಚಾದರಮ್ಮನಿಗೆ ಅದು ಗೊತ್ತಿತ್ತು. ಗಂಡ ಹೋಗಿ ಎರಡು ವರ್ಷ.

ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಮಲಗಬೇಕು ಎಂದು ಕೋಚ್ ಅವರ ಕಟ್ಟಪ್ಪಣೆ. ಬೆಳಿಗ್ಗೆ ಓಟ, ಸಂಜೆ ಓಟ, ನಡುವೆ ನಿದ್ದೆ. ಪರದೆ ಎಳೆದರೆ ಹಾಡುಹಗಲೇ ಕತ್ತಲೆ. ಫ್ಯಾನು ಬಿಟ್ಟು ಬೇರೆ ಸದ್ದಿಲ್ಲ. ಆ ಹೊತ್ತಿನಲ್ಲಿ ಯಾರೋ ಬರುತ್ತಾರೆ ಎಂಬ ಮಾತು ಹಬ್ಬಿತು.

“ತಣ್ಣಗಿನ ಬೆರಳು ಅಮ್ಮ, ಇಲ್ಲಿ,” ಎಂದು ಎತ್ತರ ಜಿಗಿತದ ಹುಡುಗಿ ಮೂಗಿನ ಕೆಳಗೆ ಮುಟ್ಟಿ ತೋರಿಸಿದಳು. “ಉಸಿರು ಕದಿಯೋಕೆ ಬಂದ ಹಾಗೆ. ಕಣ್ಣು ಬಿಟ್ರೆ ಯಾರೂ ಇಲ್ಲ.”

“ದೆವ್ವಕ್ಕೂ ಮಧ್ಯಾಹ್ನದ ಡ್ಯೂಟಿನಾ?”

“ನಗಬೇಡಿ. ನಮ್ಮ ರೂಮಿನ ಗೂಬೆದೇ ಕೆಲಸ ಅದು. ಅವಳು ಮಂಚ ಹತ್ತೋದೇ ಇಲ್ಲ, ಗೋಡೆಗೊರಗಿ ಪಿಳಿಪಿಳಿ ಅಂತ ಕೂತಿರ್ತಾಳೆ. ಸಾರ್‌ಗೆ ಹೇಳಾಯ್ತು. ಶನಿವಾರದ ಆಯ್ಕೆ ಓಟದಲ್ಲಿ ಮೊದಲ ಮೂರರಲ್ಲಿ ಬಂದ್ರೆ ಇರು, ಇಲ್ಲಾಂದ್ರೆ ಗಂಟುಮೂಟೆ ಕಟ್ಟು ಅಂದಿದ್ದಾರೆ.”

ಗೂಬೆ ಎಂದರೆ ನಾನೂರು ಮೀಟರ್ ಓಡುವ ಹುಡುಗಿ. ಕಣ್ಣಿನ ಕೆಳಗೆ ಮಸಿ ಬಳಿದ ಹಾಗೆ ಕಪ್ಪು. ಹಾಸ್ಟೆಲ್ ಬಿಟ್ಟರೆ ಅವಳಿಗಿದ್ದದ್ದು ಅಪ್ಪನ ಮನೆ ಒಂದೇ. ರಜೆ ಕೊಟ್ಟಾಗಲೂ ಆ ಕಡೆ ತಲೆ ಹಾಕಿರಲಿಲ್ಲ.

ಶನಿವಾರ ಬಂತು. ಓಟ ನಾಲ್ಕಕ್ಕೆ. ಊಟದ ಹೊತ್ತು ಕಳೆದ ಮೇಲೆ ಚಾದರಮ್ಮ ಒಗೆದ ಬಟ್ಟೆಯ ಕೋಣೆಯಲ್ಲಿ ಗೋಡೆಗೊರಗಿ ಕಣ್ಣು ಮುಚ್ಚಿದಳು. ಬಾಗಿಲ ಸದ್ದಾಗಲಿಲ್ಲ. ಹೆಜ್ಜೆ ಕೇಳಲಿಲ್ಲ. ಮೂಗಿನ ಕೆಳಗೆ ಎರಡು ಬೆರಳು ತಣ್ಣಗೆ ಬಂದು ನಿಂತವು. ಅವಳು ಉಸಿರು ಬಿಗಿಹಿಡಿದಳು. ಬೆರಳು ಇನ್ನಷ್ಟು ಹತ್ತಿರ ಒತ್ತಿದವು. ಆಗ ಗಬಕ್ಕನೆ ಮಣಿಕಟ್ಟು ಹಿಡಿದಳು.

“ಸಿಕ್ಕಿಬಿದ್ಯಲ್ಲೇ.”

ಗೂಬೆ ಬರಿಗಾಲಲ್ಲಿದ್ದಳು. ಬಾಯಿ ತೆರೆದಿತ್ತು, ಕೂಗು ಬರಲಿಲ್ಲ.

“ಉಸಿರು ನಿಂತೋಗಿತ್ತು ನಿಮ್ದು,” ಎಂದಳು ಕೊನೆಗೆ.

“ನಾನೇ ಹಿಡ್ಕೊಂಡಿದ್ದೆ. ಏನೇ ನಿನ್ನ ಆಟ?”

“ಆಟ ಅಲ್ಲಮ್ಮ. ಮಲಗಿದ್ದಾರೋ ಇಲ್ವೋ ಅಂತ ನೋಡ್ತೀನಿ.”

“ಮಲಗಿರೋರು ಮಲಗಿರ್ತಾರೆ. ಅದ್ರಲ್ಲಿ ನೋಡೋದೇನು?”

“ನಮ್ಮಮ್ಮನೂ ಮಲಗಿದಾಳೆ ಅಂದಿದ್ರು.”

ಅವಳಿಗೆ ಆರು ವರ್ಷವಿದ್ದಾಗಿನ ಮಾತು. ಅಮ್ಮ ಕಾಯಿಲೆ ಬಿದ್ದಿದ್ದಳು. ಒಂದು ಬೆಳಿಗ್ಗೆ ಅಪ್ಪ, ಅಮ್ಮ ಮಲಗಿದ್ದಾಳೆ, ಎಬ್ಬಿಸಬೇಡ, ಸದ್ದು ಮಾಡಿದರೆ ಚರ್ಮ ಸುಲಿತೀನಿ ಎಂದು ಹೇಳಿ, ಹೊರಗಿನಿಂದ ಬೀಗ ಹಾಕಿ ಕುಡಿಯಲು ಹೋದ. ಬಂದದ್ದು ಮೂರನೇ ದಿನ. ಅಷ್ಟೂ ಹೊತ್ತು ಮಗು ಮಂಚದ ಪಕ್ಕ ಕೂತಿತ್ತು. ಹಸಿವಾದಾಗ ಹೊದಿಕೆಯ ಅಂಚು ಅಗಿಯಿತು. ನೊಣ ಬಂದರೆ ಓಡಿಸಿತು.

“ನಾನು ಸದ್ದೇ ಮಾಡಲಿಲ್ಲಮ್ಮ,” ಎಂದಳು. ಪದಕ ಗೆದ್ದವಳ ಹಾಗೆ ಹೇಳಿದಳು.

ಚಾದರಮ್ಮ ಹಿಡಿದಿದ್ದ ಮಣಿಕಟ್ಟು ಬಿಟ್ಟಳು.

“ನಮ್ಮ ಯಜಮಾನ್ರು ಹೋದ ದಿನ ಅವರನ್ನ ಅರ್ಧ ಗಂಟೆ ಬೈದಿದ್ದೀನಿ ಕಣೇ. ಎಂಟಾಯ್ತು, ಇನ್ನೂ ಬಿದ್ಕೊಂಡಿದ್ದೀರಲ್ಲ ಕುಂಭಕರ್ಣನ ಹಾಗೆ ಅಂತ. ಟೀ ಆರೋಯ್ತು. ಬಿಸಿ ಮಾಡ್ಕೊಂಡು ಬಂದು ಮತ್ತೆ ಬೈದೆ.”

ಹುಡುಗಿಗೆ ನಗು ಬಂತು. ಬಂದದ್ದಕ್ಕೆ ಹೆದರಿ ಬಾಯಿ ಮುಚ್ಚಿಕೊಂಡಳು.

“ನಗು. ಅವರೂ ನಗ್ತಿದ್ರು. ನಿಮ್ಮಮ್ಮ ಮಲಗಿರಲಿಲ್ಲ, ಸತ್ತಿದ್ಲು. ಅದಕ್ಕೆ ಬೇರೆ ಹೆಸರಿಟ್ಟಿದ್ದು ನಿಮ್ಮಪ್ಪನ ತಪ್ಪು. ನೀನೀಗ ಇಲ್ಲೇ ಮಲಗು. ನಾನು ಕಾಯ್ತೀನಿ. ಮೂರೂವರೆಗೆ ಎಬ್ಬಿಸ್ತೀನಿ.”

“ಏಳ್ದಿದ್ರೆ?”

“ಎಬ್ಬಿಸೋದು ನನ್ನ ಕೆಲಸ. ಏಳೋದು ನಿನ್ನ ಕೆಲಸ.”

ಹುಡುಗಿ ಚಾದರದ ರಾಶಿಯ ಮೇಲೆ ಉರುಳಿದಳು. ಕಲ್ಲು ಬಾವಿಗೆ ಬಿದ್ದ ಹಾಗೆ ನಿದ್ದೆಗೆ ಬಿದ್ದಳು. ರೆಪ್ಪೆ ಪೂರ್ತಿ ಮುಚ್ಚಲಿಲ್ಲ. ಬಿಳಿ ಮಾತ್ರ ಕಾಣುತ್ತಿತ್ತು.

ಮೂರೂವರೆಗೆ ಚಾದರಮ್ಮ ಕರೆದಳು. ಹುಡುಗಿ ಏಳಲಿಲ್ಲ. ಭುಜ ಅಲುಗಿಸಿದಳು. ಕೈ ಎತ್ತಿ ಬಿಟ್ಟರೆ ಕೈ ಪಟ್ಟನೆ ಬಿತ್ತು. ಕೆನ್ನೆ ತಣ್ಣಗಿತ್ತು. ಮೂಗಿನ ಹತ್ತಿರ ಬೆರಳು ಒಯ್ದಳು, ಹಿಡಿಯಲು ಧೈರ್ಯ ಸಾಲಲಿಲ್ಲ. ಈ ಕೋಣೆ, ಗಂಡ ಹೋದ ಬೆಳಗಿನ ಅವಳ ಮನೆಯ ಕೋಣೆಯಾಯಿತು. ಹೊಟ್ಟೆಯೊಳಗಿನಿಂದ ಕಿರುಚಿದಳು.

“ಏಳೇ! ಏಳೇ ಕತ್ತೆ!”

ಹಾಸ್ಟೆಲ್‌ಗೆ ಹಾಸ್ಟೆಲೇ ಎದ್ದು ಬಾಗಿಲಿಗೆ ಬಂತು. ರಾಶಿಯ ಮೇಲಿದ್ದ ಹುಡುಗಿ ಕಣ್ಣು ಬಿಟ್ಟಳು. ಯಾರನ್ನೂ ನೋಡಲಿಲ್ಲ. ಅವಳ ಬಾಯಿಂದ ಬಂದದ್ದು ಆರು ವರ್ಷದ ಮಗುವಿನ ದನಿ.

“ನಾನು ಸದ್ದು ಮಾಡಲಿಲ್ಲಪ್ಪ.”

ಬಾಗಿಲಲ್ಲಿದ್ದವರ ಮೈಮೇಲೆ ಮುಳ್ಳು ಎದ್ದವು.

“ಮಾಡೇ,” ಎಂದಳು ಚಾದರಮ್ಮ. “ಎಷ್ಟು ಬೇಕೋ ಅಷ್ಟು ಮಾಡು.”

ಆಮೇಲೆ ಬಂದ ಕೂಗು ಮೈದಾನದ ಆಚೆ ತುದಿಗೂ ಕೇಳಿಸಿತಂತೆ. ಅಳುವೋ ಬೊಬ್ಬೆಯೋ ಹೇಳುವ ಹಾಗಿರಲಿಲ್ಲ.

ನಾಲ್ಕಕ್ಕೆ ಹುಡುಗಿ ಓಡಿದಳು. ಕಾಲು ಸೀಸದ ಹಾಗಿತ್ತು. ಎಂಟು ಜನರಲ್ಲಿ ಏಳನೆಯವಳಾಗಿ ಬಂದಳು.

ಕೋಚ್ ಪಟ್ಟಿ ಮಡಚುವಾಗ ಚಾದರಮ್ಮ ಎದುರಿಗೆ ಹೋಗಿ ನಿಂತಳು. ಒಂಬತ್ತು ವರ್ಷದ ಕೆಲಸದಲ್ಲಿ ಅವರ ಎದುರು ಬಾಯಿ ಬಿಟ್ಟವಳಲ್ಲ.

“ಸಾರ್, ಬಂದಾಗಿನಿಂದ ಮಂಚ ಮುಟ್ಟಿಲ್ಲ ಅವಳು. ನಿದ್ದೆ ಇಲ್ಲದೆ ಇಷ್ಟು ದಿನ ಓಡಿದಾಳೆ. ನಿದ್ದೆ ಮಾಡಿ ಓಡೋದನ್ನ ನೀವು ನೋಡೇ ಇಲ್ಲ.”

“ದೂರು ಕೊಟ್ಟಿರೋದು ಅವಳ ರೂಮಿನವರೇ ಅಮ್ಮ. ನಾನೇನ್ ಮಾಡ್ಲಿ?”

“ಅವರನ್ನೇ ಕೇಳಿ.”

ಕೂಗಿನ ಹಿಂದಿನ ಕಥೆಯನ್ನು ಆಗಲೇ ಚಾದರಮ್ಮನಿಂದ ಕೇಳಿದ್ದ ಎತ್ತರ ಜಿಗಿತದವಳು ನೆಲ ನೋಡುತ್ತಿದ್ದಳು.

“ಇರ್ಲಿ ಬಿಡಿ ಸಾರ್,” ಎಂದಳು. “ಮುಟ್ಟಿ ನೋಡಿದ್ರೆ ನಮ್ಮ ಉಸಿರೇನು ಸವೆದುಹೋಗಲ್ಲ.”

ಕೋಚ್ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ಮುಂದಿನ ಆಯ್ಕೆ ಓಟದವರೆಗೆ ಇರಲಿ ಎಂದರು. ಡಾಕ್ಟರಮ್ಮ, ಇದು ಬೇಗ ಹೋಗುವ ಕಾಯಿಲೆಯಲ್ಲ ಎಂದರು.

ಹೋಗಿಲ್ಲ. ಮೊನ್ನೆ ಮಧ್ಯಾಹ್ನ ಚಾದರಮ್ಮ ಹನ್ನೆರಡನೇ ಕೋಣೆಯ ಹೊರಗೆ ನಿಂತಿದ್ದಳು. ಒಳಗೆ ಕತ್ತಲೆ. ಮಂಚದಿಂದ ಮಂಚಕ್ಕೆ ಹೋಗುವ ಕಾಲಿನ ಸದ್ದು ಕೇಳಲಿಲ್ಲ, ಉತ್ತರಗಳು ಮಾತ್ರ ಕೇಳಿದವು.

“ಇದ್ದೀನಿ, ಹೋಗೆ.”

“ಇದ್ದೀನಿ.”

“ಇದ್ದೀನಿ ಕಣೇ, ಕೇಳಿ ಕೇಳಿ ಸಾಯಿಸ್ಬೇಡ.”

ಆಮೇಲೆ ಬಹಳ ಹೊತ್ತು ಫ್ಯಾನಿನ ಸದ್ದೊಂದೇ. ನಾಲ್ಕನೇ ಮಂಚ ಹುಡುಗಿಯದೇ. ಅದು ಇನ್ನೂ ಖಾಲಿ. ಅದರ ಹತ್ತಿರ ನಿಂತು, ತನ್ನ ಮೂಗಿನ ಕೆಳಗೆ ತಾನೇ ಬೆರಳಿಟ್ಟುಕೊಂಡಳೋ ಏನೋ, ಮೆಲ್ಲಗೆ ಹೇಳಿದ್ದು ಬಾಗಿಲಿಗೆ ಕೇಳಿಸಿತು.

“ಇದ್ದೀನಿ.”

ಮಂಚ ಕಿರ್ ಎಂದಿತು.